ಕಟ್ಟಬೆಟ್ಟಿನ ಕೊಡೆ ಅಕ್ಕ

ಕಟ್ಟಬೆಟ್ಟಿನ ಬಸ್ ಸ್ಟಾಪಿನ ಪಕ್ಕ ಕೂತು ಅವರು ಕೊಡೆ ರಿಪೇರಿ ಮಾಡುತ್ತಿದ್ದರು. ಮೈಸೂರು ಕಡೆಯವರು, ನಮಗೆಲ್ಲ ಕೊಡೆ ಅಕ್ಕ. ಯಾರು ಕೊಡೆ ತಂದರೂ ಮೊದಲು ಬಿಚ್ಚಿ, ತಲೆಯ ಮೇಲೆ ಹಿಡಿದು, ಅದರ ತೂತುಗಳಿಂದ ಆಕಾಶ ನೋಡುತ್ತಿದ್ದರು. ಆಮೇಲೆ, "ಬಿಸಾಕ್ಬೇಡಿ, ಇನ್ನೂ ಬಾಳ್ತದೆ" ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಎದುರಿನ ಅಂಗಡಿಗೆ ಅಗ್ಗದ ಮಡಚುವ ಕೊಡೆಗಳು ಬಂದವು. ಅಕ್ಕನ ಬಳಿ ಬರುವವರು ಕಡಿಮೆಯಾದರು. ಊರಿಗೇ ಹಿಂದಿರುಗುವ ಮಾತನ್ನೂ ಅವರು ಆಡತೊಡಗಿದರು. ಆದರೆ ಆ ಮಳೆಗಾಲದ ಗಾಳಿಗೆ ಹೊಸ ಕೊಡೆಗಳ ಕಡ್ಡಿಗಳು ಪಟಪಟ ಮುರಿದವು. ಟೀ ತೋಟಕ್ಕೆ ಹೋಗುವ ಹೆಂಗಸರು ಅಂಗಡಿಯವನ ಜೊತೆ ಜಗಳಕ್ಕೆ ನಿಂತರು. ಅವನು ಮಳೆಯಲ್ಲೇ ರಸ್ತೆ ದಾಟಿ ಅಕ್ಕನ ಬಳಿಗೆ ಓಡಿಬಂದ.

"ಅಕ್ಕಾ, ಇನ್ಮೇಲೆ ನಮ್ಮ ಅಂಗಡಿ ಜಗಲೀಲೇ ಕೂತ್ಕೊಳ್ಳಿ. ಈ ಹೆಂಗಸರ ಕೊಡೆ ಸರಿಮಾಡಿ, ಹೇಗಾದ್ರೂ ಸಮಾಧಾನ ಮಾಡಿ."

"ಬರ್ತೀನಿ ತಮ್ಮಾ. ಆದ್ರೆ ಮೂಲೇಲಿ ಕೂರಲ್ಲ, ಬಾಗಿಲ ಹತ್ರಾನೇ ಕೂರ್ತೀನಿ. ನಂಗೆ ಬೆಳಕು ಬೇಕು."

ಹಾಗೇ ಕೂತರು. ಮರುದಿನ ನಾನು ಹೊಸ ಕೊಡೆ ಕೊಳ್ಳಲು ಹೋದಾಗ ಅಕ್ಕ ಬಾಗಿಲಲ್ಲೇ ತಡೆದು, "ಹಳೇದು ಏನಾಯ್ತು? ಹೋಗಿ ತಗೊಂಡ್ ಬಾ" ಎಂದರು. ನಾನು ಅಂಗಡಿಯವನ ಮುಖ ನೋಡಿದೆ. ಅವನು ಹಣೆ ಚಚ್ಚಿಕೊಂಡು, ಜೋರಾಗಿ ನಕ್ಕು, "ತಗೊಂಡ್ ಬನ್ನಿ ಸಾರ್, ಇವರ ಹತ್ರ ವಾದ ಮಾಡೋಕಾಗಲ್ಲ" ಎಂದ.