ಎದುರು ಮನೆಗೆ ಹೋದ ಬ್ಯಾಗು

ನನ್ನ ನೆನಪಿನ ಶಕ್ತಿಯ ಬಗ್ಗೆ ನನಗೆ ಯಾವ ದೂರೂ ಇರಲಿಲ್ಲ. ದೂರು ಇದ್ದದ್ದು ಮನೆಯವರಿಗೆ. ಹೋದ ವರ್ಷ ಒಬ್ಬನೇ ಬೀದರಿಗೆ ಹೋಗಿದ್ದೆ. ನಾಲ್ಕು ಅಂಗಿ, ಎರಡು ಪ್ಯಾಂಟು, ಒಂದು ಪಂಚೆಯನ್ನು ಮಡಿಸಿ ಬ್ಯಾಗಿಗೆ ಹಾಕಿ ಜಿಪ್ಪು ಎಳೆದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೀದರಿನ ಲಾಡ್ಜಿನಲ್ಲಿ ಸ್ನಾನಕ್ಕೆಂದು ಬ್ಯಾಗು ತೆರೆದರೆ ಒಳಗಿದ್ದದ್ದು ನಮ್ಮ ನಡುಮನೆಯ ಪರದೆಗಳು. ಒಗೆಯಲು ಕೊಡಬೇಕೆಂದು ಹೆಂಡತಿ ಅಂಥದೇ ಇನ್ನೊಂದು ಬ್ಯಾಗಿಗೆ ತುಂಬಿಟ್ಟಿದ್ದಳಂತೆ. ನನ್ನ ನೆನಪೇನೋ ಸುಳ್ಳಲ್ಲ, ಅಂಗಿಗಳನ್ನು ಮಡಿಸಿ ಇಟ್ಟದ್ದು ನಿಜ. ಇಟ್ಟ ಬ್ಯಾಗು ಬೆಂಗಳೂರಿನಲ್ಲಿತ್ತು, ಅಷ್ಟೆ. ಮೂರು ದಿನ ಉಟ್ಟ ಬಟ್ಟೆಯಲ್ಲೇ ಕೋಟೆ ನೋಡಿದೆ. ಅಂಗಿ ಒಣಗುವ ತನಕ ದೊಡ್ಡ ದೊಡ್ಡ ಹಳದಿ ಹೂವಿನ ಪರದೆಯನ್ನು ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದೆ.

ಇದನ್ನು ನಾನೇ ನಗುತ್ತ ಮಗಳು ಸ್ಮಿತಾಗೆ ಹೇಳಿದ್ದು ತಪ್ಪಾಯಿತು. ಅವಳು ಇರುವುದು ಜೆ.ಪಿ. ನಗರದ ಏಳನೇ ಹಂತದಲ್ಲಿ, ನಮ್ಮ ಸುಬ್ರಹ್ಮಣ್ಯಪುರಕ್ಕೆ ಸ್ಕೂಟರಿನಲ್ಲಿ ಕಾಲು ಗಂಟೆ. ಅವಳು ನಗಲಿಲ್ಲ. ಅಮ್ಮನ ಮುಖ ನೋಡಿದಳು. ಇಬ್ಬರೂ ಅಡುಗೆಮನೆಗೆ ಹೋಗಿ ಏನೋ ಮಾತಾಡಿ ಬಂದರು. ಆಮೇಲೆ ತೀರ್ಪು ಬಂತು: "ಅಪ್ಪ, ಇನ್ನೊಂದೇ ಒಂದು ಸಲ ಒಬ್ರೇ ಹೋಗ್ಬನ್ನಿ. ಏನಾದ್ರೂ ಎಡವಟ್ಟಾಯ್ತೋ, ಅಲ್ಲಿಗೆ ಮುಗೀತು. ಆಮೇಲೆ ಎಲ್ಲಿಗೇ ಆಗ್ಲಿ, ಅಮ್ಮನೋ ನಾನೋ ಜೊತೆಗೆ."

ಇದು ಎಂಥ ಶಿಕ್ಷೆ ಎಂದು ನಿಮಗೆ ಹೇಗೆ ತಿಳಿಸಲಿ? ನನ್ನ ಕಾಲಿಗೆ ಚಕ್ರವಿದೆ ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಎರಡು ತಿಂಗಳು ಒಂದೇ ಊರಿನಲ್ಲಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ತೀರಾ ತಳಮಳವಾದ ದಿನ ಬನಶಂಕರಿ ಬಸ್ ನಿಲ್ದಾಣಕ್ಕೆ ಹೋಗಿ, ಹೊರಡುವ ಬಸ್ಸುಗಳ ಬೋರ್ಡುಗಳನ್ನು ಓದಿಕೊಂಡು ಬರುವವನು ನಾನು. ಜೊತೆಯಲ್ಲಿ ಯಾರಾದರೂ ಬಂದರೆ ಅದು ಪ್ರಯಾಣವಲ್ಲ, ಮನೆಯನ್ನೇ ಎತ್ತಿಕೊಂಡು ಹೋದ ಹಾಗೆ. ಹೆಂಡತಿ ವಿಶಾಲ ಪ್ರತಿ ಊರಿನಲ್ಲೂ "ಇಲ್ಲಿ ಮೊಸರು ಹೇಗಿರುತ್ತೋ" ಎನ್ನುತ್ತಾಳೆ. ಮಗಳು ಗಂಟೆಗಂಟೆಗೂ ಏನು ನೋಡಬೇಕೆಂದು ಫೋನಿನಲ್ಲಿ ಬರೆದುಕೊಂಡಿರುತ್ತಾಳೆ. ಸುಮ್ಮನೆ ಒಂದು ಮರದ ಕೆಳಗೆ ನಿಲ್ಲುವುದಕ್ಕೆ ಅದರಲ್ಲಿ ಜಾಗವಿರುವುದಿಲ್ಲ.

ಹಾಗಾಗಿ ಧಾರವಾಡದ ಪ್ರಯಾಣ ನನಗೊಂದು ಪರೀಕ್ಷೆಯಾಯಿತು. ಅಲ್ಲಿ ನನ್ನ ಜೊತೆ ಓದಿದವನೊಬ್ಬ ಇದ್ದಾನೆ. ಮೂರು ದಿನ ಅವನ ಮನೆಯಲ್ಲಿ ಇದ್ದು ಬರುವುದು. ಬುಧವಾರದ ಹಗಲಿನ ರೈಲಿಗೆ ಟಿಕೆಟ್ಟು ಮಾಡಿಸಿದೆ.

ಪ್ರಯಾಣದ ವಿಷಯದಲ್ಲಿ ನಾನು ತೀರಾ ದಡ್ಡನೇನೂ ಅಲ್ಲ. ನನ್ನ ಅನುಭವದಲ್ಲಿ, ತೆಗೆದುಕೊಂಡು ಹೋಗಬೇಕಾದ ಸಾಮಾನಿನ ಪಟ್ಟಿಯನ್ನು ಹೊರಡುವಾಗ ಬರೆಯಬಾರದು, ವಾಪಸು ಬಂದ ದಿನ ಬರೆಯಬೇಕು. ಯಾವುದನ್ನು ಮುಟ್ಟಲೇ ಇಲ್ಲ, ಯಾವುದಕ್ಕೆ ಪರದಾಡಿದೆವು ಎಂಬುದು ಅವತ್ತಷ್ಟೇ ಸರಿಯಾಗಿ ಗೊತ್ತಿರುತ್ತದೆ. ಒಂದೇ ಬ್ಯಾಗು, ಅದೂ ಹೆಗಲಿಗೆ ಹಾಕಿಕೊಂಡು ಓವರ್‌ಬ್ರಿಜ್ ಹತ್ತುವಷ್ಟು ಹಗುರ. ಮಾತ್ರೆಗಳು ಬ್ಯಾಗಿನಲ್ಲಲ್ಲ, ಅಂಗಿಯ ಜೇಬಿನಲ್ಲಿ. ಮೆಜೆಸ್ಟಿಕ್ಕಿಗೆ ಆಟೊ ನಂಬಿ ಹೊರಡುವ ಬದಲು ಯಲಚೇನಹಳ್ಳಿಯಲ್ಲಿ ಮೆಟ್ರೊ ಹತ್ತುವುದು ಮೇಲು. ಮೆಟ್ರೊದಲ್ಲಿ ಎಷ್ಟು ಹೊತ್ತಾಗುತ್ತದೆಂದು ಮೊದಲೇ ಹೇಳಬಹುದು, ಆಟೊದಲ್ಲಿ ಸಿಗ್ನಲ್ಲುಗಳನ್ನು ಕೇಳಬೇಕು. ಇನ್ನೊಂದು ಮುಖ್ಯವಾದ ಮಾತಿತ್ತು, ಬರೆಯುವಾಗ ಮರೆತೆ. ನೆನಪಾದರೆ ಹೇಳುತ್ತೇನೆ.

ವಿಶಾಲಳ ಯೋಜನೆ ಬೇರೆಯೇ ಇತ್ತು. ಗೋಡೆಯ ಕ್ಯಾಲೆಂಡರನ್ನು ತಿರುಗಿಸಿ ಹಿಂಭಾಗ ನೋಡಿ, "ಬುಧವಾರ ಉತ್ತರಕ್ಕೆ ಶೂಲ. ಹೊರಡೋ ಹಾಗಿಲ್ಲ" ಎಂದಳು.

"ಧಾರವಾಡ ಪೂರ್ತಿ ಉತ್ತರ ಅಲ್ಲ, ವಾಯವ್ಯ" ಎಂದೆ.

"ಹಾಗಾದ್ರೆ ಅರ್ಧ ಶೂಲ. ಸೋಮವಾರ ಒಂಬತ್ತಕ್ಕೆ ರಾಹುಕಾಲ ಮುಗಿಯುತ್ತೆ. ಪರಸ್ಥಾನ ಇಟ್ಬಿಡೋಣ."

ಪರಸ್ಥಾನವೆಂದರೆ ಗೊತ್ತಲ್ಲ? ಒಳ್ಳೆಯ ಹೊತ್ತಿನಲ್ಲಿ ನಾವು ಹೊರಡಲಾಗದಿದ್ದರೆ, ನಮ್ಮ ಸಾಮಾನನ್ನಾದರೂ ಆ ಹೊತ್ತಿಗೆ ಹೊರಡಿಸಿ, ದಾರಿಯ ಮೇಲಿನ ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಆಮೇಲೆ ನಾವು ಯಾವ ದರಿದ್ರ ಗಳಿಗೆಯಲ್ಲಿ ಹೊರಟರೂ ಚಿಂತೆಯಿಲ್ಲ. ಹಿಂದೆ ರಾಜರು ದಂಡೆತ್ತಿ ಹೋಗುವ ಮುನ್ನ ಕತ್ತಿಯನ್ನೋ ಕೊಡೆಯನ್ನೋ ಹೀಗೆ ಮೊದಲು ಕಳಿಸುತ್ತಿದ್ದರೆಂದು ಎಲ್ಲೋ ಓದಿದ ನೆನಪು. ನೆನಪು ನನ್ನದಾದ್ದರಿಂದ ನೀವು ನಂಬಬೇಕಾಗಿಲ್ಲ. ಆಕಾಶಕ್ಕೆ ಲೆಕ್ಕ ತಪ್ಪಿಸಲು ಮನುಷ್ಯ ಕಂಡುಕೊಂಡ ಉಪಾಯಗಳಲ್ಲಿ ಇಷ್ಟು ಮುದ್ದಾದದ್ದು ಇನ್ನೊಂದಿಲ್ಲ ಎಂದು ನಾನು ಹೆಂಡತಿಗೆ ಹೇಳಿದೆ. ಅವಳು, "ನನಗೆ ಶೂಲದ ಭಯಕ್ಕಿಂತ ನಿಮ್ಮ ಭಯ ಜಾಸ್ತಿ. ಬ್ಯಾಗ್ ತುಂಬಿ" ಎಂದಳು.

ಒಂದು ನಿಯಮವಿದೆ. ಹಾಗೆ ಹೊರಗೆ ಹೋದ ಬ್ಯಾಗು ವಾಪಸು ಮನೆಯೊಳಗೆ ಬರಬಾರದು. ಬಂದರೆ ಎಲ್ಲವೂ ರದ್ದು. ಇದರ ಅರ್ಥ ನನಗೆ ಹೊಳೆಯುವಷ್ಟರಲ್ಲಿ ಸೋಮವಾರ ಒಂಬತ್ತೂ ಐದಾಗಿತ್ತು. ನನ್ನ ಹೊಸ ಕಂದು ಬಣ್ಣದ ಬ್ಯಾಗು ಎದುರು ಮನೆಯ ಮುನಿರಾಜಣ್ಣನ ವರಾಂಡದಲ್ಲಿ ಒಂದು ಸ್ಟೂಲಿನ ಮೇಲೆ ಕೂತಿತ್ತು.

ಮುನಿರಾಜಣ್ಣ ಇಲ್ಲಿಯ ಮೂಲದವರು. ಸುಬ್ರಹ್ಮಣ್ಯಪುರ ಹಳ್ಳಿಯಾಗಿದ್ದಾಗ ಇದೇ ನೆಲದಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದವರು. ಈಗ ಅದರ ಮೇಲೆ ಮೂರು ಮನೆ ಕಟ್ಟಿ ಎರಡನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಹಗಲೆಲ್ಲ ವರಾಂಡದಲ್ಲಿ ಕೂತಿರುತ್ತಾರೆ, ಆದ್ದರಿಂದ ಬ್ಯಾಗಿನ ಕಾವಲಿಗೆ ಅವರಿಗಿಂತ ಒಳ್ಳೆಯವರು ಸಿಗುವಂತಿರಲಿಲ್ಲ.

ಬಾಲ್ಕನಿಯಲ್ಲಿ ನಿಂತರೆ ಬ್ಯಾಗು ಕಾಣುತ್ತಿತ್ತು. ಅದೇ ಕಷ್ಟ. ಕಣ್ಣಿಗೆ ಬೀಳುತ್ತದೆ, ಕೈಗೆ ಸಿಗುವುದಿಲ್ಲ. ಹನ್ನೊಂದಕ್ಕೆ ಕನ್ನಡಕದ ಅನುಮಾನ ಬಂತು. ರಸ್ತೆ ದಾಟಿ ಹೋಗಿ ನೋಡಿದೆ, ಇತ್ತು. ಊಟವಾದ ಮೇಲೆ ಚಾರ್ಜರಿನ ಅನುಮಾನ. ಇತ್ತು. ಸಂಜೆ ಪಂಚೆಯ ಅನುಮಾನ. ಒಂದಲ್ಲ, ಎರಡಿತ್ತು. ಮಂಗಳವಾರ ಸಂಜೆಯ ಹೊತ್ತಿಗೆ ಇದು ಐದನೆಯ ಸಲವೋ ಆರನೆಯದೋ. ನಾನು ಐದು ಅನ್ನುತ್ತೇನೆ, ಮುನಿರಾಜಣ್ಣ ಎಂಟು ಅನ್ನುತ್ತಾರೆ.

"ಬನ್ನಿ ಸಾರ್, ಬನ್ನಿ. ನಿಮ್ ಬ್ಯಾಗ್ಗೆ ಈಗ್ತಾನೆ ಕಾಫಿ ಕೊಟ್ಟೆ. ನಿಮ್ಗೂ ತರಿಸ್ಲಾ?" ಎಂದರು. "ನಮ್ಮನೆ ಎಮ್ಮೆ ಕರ ಹಾಕೋ ಟೈಮಲ್ಲೂ ನಾನು ಇಷ್ಟು ಸಲ ಎದ್ದು ನೋಡಿರ್ಲಿಲ್ಲ ಸಾರ್."

ನನಗೆ ಸ್ವಲ್ಪ ಅವಮಾನವಾಯಿತು. "ಅನುಮಾನ ಅಂತಲ್ಲ ಮುನಿರಾಜಣ್ಣ. ನನಗೆ ಎಲ್ಲಾ ನೆನಪಿದೆ. ಬೇಕಾದ್ರೆ ಕಣ್ಣು ಮುಚ್ಕೊಂಡು ಹೇಳ್ತೀನಿ, ನೀವು ತೆಗೆದು ನೋಡಿ. ಆಧಾರ್ ಕಾರ್ಡು ಪಕ್ಕದ ಜೇಬಲ್ಲಿ, ಪ್ಲಾಸ್ಟಿಕ್ ಕವರಲ್ಲಿದೆ. ಜಿಪ್ ಸ್ವಲ್ಪ ಹಿಡಿಯುತ್ತೆ, ಮೆಲ್ಲಗೆ ಎಳೀರಿ" ಎಂದೆ. ಕಣ್ಣು ಮುಚ್ಚಿಯೇ ಇದ್ದೆ. ನನ್ನ ಕೈ, ಕವರು, ಹಿಡಿಯುವ ಆ ಜಿಪ್ಪು, ಎಲ್ಲವೂ ಕಾಣುತ್ತಿದ್ದವು.

ಅವರು ಬ್ಯಾಗನ್ನು ಆ ಕಡೆ ಈ ಕಡೆ ತಿರುಗಿಸುವ ಸದ್ದು ಕೇಳಿತು. ಆಮೇಲೆ ಸದ್ದು ನಿಂತಿತು.

"ಸಾರ್, ಈ ಬ್ಯಾಗ್ಗೆ ಪಕ್ಕದಾಗೆ ಜೇಬೇ ಇಲ್ವಲ್ಲ."

ಕಣ್ಣು ತೆರೆದೆ. ಇರಲಿಲ್ಲ. ಪಕ್ಕದ ಜೇಬಿದ್ದದ್ದು ಹಳೆಯ ಬ್ಯಾಗಿಗೆ, ಅದನ್ನು ಬೀದರಿನಿಂದ ಬಂದ ಮೇಲೆ ಕೊಟ್ಟುಬಿಟ್ಟಿದ್ದೆ. ಹೆಚ್ಚುಕಡಿಮೆ ಒಂದು ವರ್ಷದ ಹಿಂದೆ ನಡೆದದ್ದನ್ನು ನನ್ನ ತಲೆ ನಿನ್ನೆಯ ತಾರೀಖು ಹಾಕಿ ಕೈಗೆ ಕೊಟ್ಟಿತ್ತು. ಆಧಾರ್ ಕಾರ್ಡು ಮನೆಯಲ್ಲಿ ಫ್ರಿಜ್ಜಿನ ಮೇಲೆ ಸಿಕ್ಕಿತು. ಅದನ್ನು ಯಾಕೆ ಅಲ್ಲಿಟ್ಟೆ ಎಂಬುದರ ಬಗ್ಗೆ ಯಾವ ಚಿತ್ರವೂ ಇಲ್ಲ.

ಮೂವತ್ತು ವರ್ಷ ಜಯನಗರದ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟವನು ನಾನು. ನಮ್ಮ ಹಳೆಯ ನೈಯಾಯಿಕರು ಪ್ರತ್ಯಕ್ಷವನ್ನು ಪ್ರಮಾಣವೆಂದು ಒಪ್ಪುತ್ತಾರೆ, ಹೊಗೆ ಕಂಡು ಬೆಂಕಿಯನ್ನು ತಿಳಿಯುವ ಅನುಮಾನವನ್ನು ಒಪ್ಪುತ್ತಾರೆ, ನಂಬಬಹುದಾದವರ ಮಾತನ್ನೂ ಒಪ್ಪುತ್ತಾರೆ, ಆದರೆ ಸ್ಮೃತಿಯನ್ನು ಒಪ್ಪುವುದಿಲ್ಲ. ನೆನಪು ಹೊಸದಾಗಿ ಏನನ್ನೂ ಕಾಣುವುದಿಲ್ಲ, ಕಂಡದ್ದನ್ನು ಮತ್ತೆ ಹೇಳುತ್ತದೆ ಅಷ್ಟೆ ಎಂಬುದು ಅವರ ವಾದ. ಇದನ್ನು ಪ್ರತಿ ವರ್ಷವೂ ಬೋರ್ಡಿನ ಮೇಲೆ ಬರೆದಿದ್ದೇನೆ. ದೇವರನ್ನು ಸಂಶಯಿಸಿದೆ, ಪಂಚಾಂಗವನ್ನು ಸಂಶಯಿಸಿದೆ, ರೈಲ್ವೆ ಟೈಮ್‌ಟೇಬಲ್ಲನ್ನು ಸಂಶಯಿಸಿದೆ. ನನ್ನ ತಲೆಯೊಳಗೆ ಕೂತು ಸಾಕ್ಷಿ ಹೇಳುವವನನ್ನು ಮಾತ್ರ ಒಂದು ಪ್ರಶ್ನೆಯನ್ನೂ ಕೇಳದೆ ನಂಬಿದ್ದೆ.

ಕಾರ್ಡನ್ನು ಬ್ಯಾಗಿಗೆ ಹಾಕಿದೆ. ಹೊರಡುವಾಗ ಮೆಲ್ಲಗೆ, "ಮುನಿರಾಜಣ್ಣ, ಇದನ್ನ ನಮ್ಮ ಮಗಳಿಗೆ ಹೇಳ್ಬೇಡಿ" ಎಂದೆ. ಹೇಳಿದರೆ ಏನಾಗುತ್ತದೆಂದೂ ತಿಳಿಸಿದೆ.

ಅವರು ರಸ್ತೆಯ ಕಡೆ ತಿರುಗಿದರು. "ನಾನ್ಯಾಕ್ ಹೇಳ್ಲಿ ಬುಡಿ ಸಾರ್. ಆದ್ರೆ ಒಂದ್ ವಿಷ್ಯ. ಇಲ್ಲೇ ಎಲ್ಲೋ ನಮ್ಮ ಹೊಲದ ಬಾವಿ ಇತ್ತು. ಈಜು ಕಲ್ತಿದ್ದೇ ಅದ್ರಲ್ಲಿ. ನಾನು ಆ ಟ್ರಾನ್ಸ್‌ಫಾರ್ಮರ್ ಹತ್ರ ಇತ್ತು ಅಂತೀನಿ. ನಮ್ಮೆಂಗಸ್ರು ನಿಮ್ಮ ಗೇಟ್ ಕೆಳಗಡೆ ಇತ್ತು ಅಂತಾಳೆ. ಇಪ್ಪತ್ತು ವರ್ಷದಿಂದ ಜಗಳ ಆಡ್ತಿದೀವಿ. ಬಾವಿನೇ ಮುಚ್ಚೋಯ್ತು, ಇನ್ನು ಯಾರು ಸರಿ ಅಂತ ಯಾರನ್ನ ಕೇಳೋದು? ನಿಮ್ದೇ ವಾಸಿ ಸಾರ್. ಬ್ಯಾಗ್ ಐತಲ್ಲ, ತೆಗ್ದು ನೋಡ್ಬೋದು."

ನಾನು ಮೂವತ್ತು ವರ್ಷ ಹೇಳಿಕೊಟ್ಟದ್ದನ್ನು ಅವರು ನಾಲ್ಕು ಮಾತಿನಲ್ಲಿ ಮುಗಿಸಿ, ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಬುಧವಾರ ಬೆಳಗ್ಗೆ ಸ್ಮಿತಾ ಬಂದಳು. ಕಳಿಸಿಕೊಡಲು ಬಂದೆ ಎಂದಳು, ಬಂದದ್ದು ಪರೀಕ್ಷೆ ಮಾಡಲು. ಎದುರು ಮನೆಯ ವರಾಂಡದಲ್ಲಿ ಬ್ಯಾಗಿನ ಪಕ್ಕ ನಿಂತು, ಹೆಲ್ಮೆಟ್ಟನ್ನೂ ತೆಗೆಯದೆ ಕೇಳಿದಳು: "ಎಲ್ಲಾ ಇಟ್ಕೊಂಡಿದೀರಾ?"

ಈ ಪ್ರಶ್ನೆಗೆ ನನ್ನ ಬಾಯಲ್ಲಿ ಉತ್ತರ ಯಾವಾಗಲೂ ಸಿದ್ಧವಾಗಿರುತ್ತಿತ್ತು. ಮುನಿರಾಜಣ್ಣ ಗಿಡಕ್ಕೆ ನೀರು ಹಾಕುತ್ತ ನಮಗೆ ಬೆನ್ನು ಮಾಡಿ ನಿಂತಿದ್ದರು. ಒಂದೇ ಕುಂಡಕ್ಕೆ ಬಹಳ ಹೊತ್ತು ನೀರು ಬೀಳುತ್ತಿತ್ತು.

"ಗೊತ್ತಿಲ್ಲ" ಎಂದೆ. "ಇಟ್ಕೊಂಡಿದೀನಿ ಅನ್ಸುತ್ತೆ. ನಿನ್ನೆ ಹೀಗೆ ಅನ್ಸಿದ್ದು ತಪ್ಪಾಗಿತ್ತು." ಇಲ್ಲದ ಜೇಬಿನ ಕಥೆಯನ್ನೂ ಹೇಳಿದೆ. ಈ ಸಲ ನಾನು ನಗುತ್ತ ಹೇಳಲಿಲ್ಲ.

ಅವಳು ಹೆಲ್ಮೆಟ್ ತೆಗೆದಳು. ಅವಳ ಮುಖ ನೋಡುವ ಧೈರ್ಯ ಸಾಲದೆ ನಾನು ಮೆಟ್ರೊಗೆ ಎಷ್ಟು ಹೊತ್ತಿದೆ ಎಂದು ಗಡಿಯಾರ ನೋಡಿದೆ. ನೋಡಿದ ಮೇಲೂ ಗಂಟೆ ಎಷ್ಟೆಂದು ತಿಳಿಯಲಿಲ್ಲ.

"ಸರಿ, ತೆಗೆದು ನೋಡೋಣ" ಎಂದು ಅವಳು ನೆಲದ ಮೇಲೇ ಕೂತಳು. ನಾನೂ ಕೂತೆ. ಒಂದೊಂದೇ ತೆಗೆದೆವು. ಎಲ್ಲ ಇತ್ತು. ಹಲ್ಲುಜ್ಜುವ ಬ್ರಷ್ಷು ಇರಲಿಲ್ಲ. ಕನ್ನಡಕದ ಡಬ್ಬಿಗಳು ಎರಡಿದ್ದವು, ಒಂದು ಖಾಲಿ. "ಇದ್ಯಾಕೆ ಅಪ್ಪ?" ಎಂದಳು. "ಗೊತ್ತಿಲ್ಲ" ಎಂದೆ. ಎರಡನೆಯ ಸಲ ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಅವಳು ಕುಲುಕುಲು ನಕ್ಕಳು. ಮುನಿರಾಜಣ್ಣನೂ ನೀರು ನಿಲ್ಲಿಸಿ ನಕ್ಕರು.

ಬ್ಯಾಗನ್ನು ನನ್ನ ಹೆಗಲಿಗೇರಿಸಿ ಅವಳು ಹೇಳಿದ್ದು ಇಷ್ಟು: "ಬ್ರಷ್ ಸ್ಟೇಷನ್ ಹತ್ರ ತಗೊಳ್ಳಿ. ಮುಂದಿನ ಸಲ ಹೊರಡೋವಾಗ ಇನ್ನೂ ಸ್ವಲ್ಪ ಬೇಗ ಕರೀರಿ, ನಿಧಾನಕ್ಕೆ ನೋಡ್ಬೋದು." ಮುಂದಿನ ಸಲ ಎಂದಳಲ್ಲ, ಅದನ್ನು ನಾನು ಕೇಳಿಸಿಕೊಂಡೆನೆಂದು ತೋರಿಸಿಕೊಳ್ಳದೆ ರಸ್ತೆಗೆ ಇಳಿದೆ. ಇದೊಂದು ನೆನಪು ಸರಿಯೋ ತಪ್ಪೋ ಎಂದು ಯಾರನ್ನೂ ಕೇಳಲು ಹೋಗುವುದಿಲ್ಲ.

ರೈಲಿನಲ್ಲಿ ನನ್ನ ಸೀಟಿನ ಹತ್ತಿರ ಹೋದರೆ ಅಲ್ಲೊಬ್ಬರು ಕೂತಿದ್ದರು. ಮೂರು ಸೀಟಿನ ಸಾಲಿನಲ್ಲಿ ನಡುವಿನದು ನನ್ನದು, ನಂಬರೂ ಬಾಯಿಗೆ ಬರುವಂತಿತ್ತು. "ಇದು ನಂದರೀ ಸರ" ಎಂದರು ಅವರು. ಒಂದು ವಾರದ ಹಿಂದಾಗಿದ್ದರೆ ನಾನು ಮೂವತ್ತು ವರ್ಷದ ಮೇಷ್ಟರ ಗಂಟಲು ತೆಗೆಯುತ್ತಿದ್ದೆ. "ಇರಬಹುದು, ನೋಡ್ತೀನಿ ತಡೀರಿ" ಎಂದು ಫೋನು ತೆಗೆದು ಟಿಕೆಟ್ಟು ನೋಡಿದೆ. ಸಾಲು ಅದೇ, ಆದರೆ ನನ್ನದು ನಡುವಿನ ಸೀಟಲ್ಲ, ಕಿಟಕಿಯದು.

ಅವರು ಕಾಲು ಮಡಿಚಿ ದಾರಿ ಬಿಟ್ಟರು. ಕಿಟಕಿಯ ಪಕ್ಕ ಕೂತು ಯಶವಂತಪುರ ದಾಟುವ ತನಕ ಅದನ್ನೇ ಯೋಚಿಸುತ್ತಿದ್ದೆ. ಇಷ್ಟು ವರ್ಷಗಳಲ್ಲಿ ತಲೆಯನ್ನೇ ನಂಬಿಕೊಂಡು, ಟಿಕೆಟ್ಟು ತೆಗೆದು ನೋಡದೆ, ಎಷ್ಟು ಕಿಟಕಿಗಳನ್ನು ಪಕ್ಕದವರಿಗೆ ಬಿಟ್ಟುಕೊಟ್ಟು ನಡುವೆ ಕೂತು ಹೋಗಿದ್ದೇನೋ, ನೆನಪಿಲ್ಲ.