ಮುಸ್ಯಾ ನಮಗೇನಾಗಬೇಕು?

ಮುಸ್ಯಾ, ಅಂದರೆ ನಮ್ಮ ಕಡೆಯ ಕರಿಮೂತಿಯ ಉದ್ದ ಬಾಲದ ಮಂಗ, ಹಪ್ಪಳ ತಿನ್ನುವುದನ್ನು ನೀವು ಹತ್ತಿರದಿಂದ ನೋಡಿದ್ದೀರಾ? ಮಾಳಿಗೆಯ ಮೇಲೆ ಹರಡಿದ, ಇನ್ನೂ ಪೂರ್ತಿ ಒಣಗದ ಹಪ್ಪಳ. ಒಂದು ಕೈಯಿಂದ ಅಂಚು ಹಿಡಿದು, ಇನ್ನೊಂದರಿಂದ ಧೂಳು ಜಾಡಿಸಿ, ಮೂಸಿ, ತುದಿಯನ್ನಷ್ಟೇ ಕಚ್ಚಿ, ಉಪ್ಪು ಹದವಾಗಿದೆಯೋ ಇಲ್ಲವೋ ಎಂದು ಯೋಚಿಸುತ್ತ ದೂರದ ಕಾಡಿನತ್ತ ನೋಡುತ್ತದೆ. ಹಳಿಯಾಳದ ನಮ್ಮ ಸೋದರತ್ತೆ ಬೇರೆಯವರ ಮನೆಯ ಅಡುಗೆಯ ರುಚಿ ನೋಡುವುದು ಥೇಟ್ ಹೀಗೆಯೇ. ಅದೇ ಅನುಮಾನ, ಅದೇ ಗಾಂಭೀರ್ಯ, ಕೊನೆಗೆ ಎಲ್ಲವನ್ನೂ ತಿಂದು ಮುಗಿಸುವ ಅದೇ ದೊಡ್ಡ ಮನಸ್ಸು.

ಈ ಹೋಲಿಕೆಯನ್ನು ಬಾಯಿಬಿಟ್ಟು ಹೇಳಿದ್ದಕ್ಕೇ ಪಕ್ಕದ ಮನೆಯ ನೀಲವ್ವ ಕಾಕು ನನ್ನೊಡನೆ ಮಾತು ಬಿಟ್ಟರು. ಆ ಮಾತು ಮತ್ತೆ ಶುರುವಾದದ್ದು ಮೊನ್ನೆ. ಅದನ್ನು ಬಿಸಿಯಾಗಿರುವಾಗಲೇ ಬರೆದುಬಿಡಬೇಕು ಎಂದು ಕೂತಿದ್ದೇನೆ. ಬೆಳಗಿನ ಪಾತ್ರೆ ತೊಳೆದಿಲ್ಲ, ಕುಕ್ಕರು ಎಷ್ಟು ಸೀಟಿ ಹೊಡೆಯಿತೋ ಲಕ್ಷ್ಯವಿಲ್ಲ. ನನ್ನ ನೆನಪಿನ ಮೇಲೆ ನನಗೆ ಭರವಸೆ ಕಡಿಮೆ. ನೆನಪು ಉಪ್ಪಿನಕಾಯಿ ಇದ್ದಂತೆ. ಇಟ್ಟಷ್ಟು ದಿನ ರುಚಿ ಏರುತ್ತದೆ, ಆದರೆ ನಾಲ್ಕು ತಿಂಗಳ ಮೇಲೆ ಭರಣಿಯಲ್ಲಿ ಮಾವಿನಕಾಯಿ ಎಷ್ಟಿದೆ, ಮಸಾಲೆ ಎಷ್ಟಿದೆ ಎಂದು ಹೇಳಲಾಗುವುದಿಲ್ಲ.

ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದವಳು. ವಿಕಾಸವಾದದ ಪೇಪರಿದ್ದ ದಿನ ಗಣಪ್ಪನಿಗೆ ಕಾಯಿ ಒಡೆದು ಪರೀಕ್ಷೆಗೆ ಹೋದವಳು. ಈ ಕತೆಯನ್ನು ಎಷ್ಟೋ ಕಡೆ ಹೇಳಿ ನಗಿಸಿದ್ದೇನೆ. ಇತ್ತೀಚೆಗೆ ಮಾತ್ರ ಒಂದು ಸಂಶಯ: ಕಾಯಿ ಒಡೆದದ್ದು ವಿಕಾಸವಾದದ ಪೇಪರಿಗೋ, ನನಗೆ ನಿಜವಾಗಿ ಭಯವಿದ್ದ ಜೀವರಸಾಯನದ ಪೇಪರಿಗೋ? ಕತೆ ಚೆಂದವಾಗಲಿ ಎಂದು ನನ್ನ ನೆನಪೇ ಪೇಪರು ಬದಲಿಸಿರಬಹುದು. ಒಟ್ಟಿನಲ್ಲಿ ಒಳ್ಳೆಯ ಅಂಕ ಬಂದವು. ಗಣಪ್ಪನಿಗೆ ಈ ವಿಷಯದಲ್ಲಿ ಏನೂ ಬೇಸರ ಇದ್ದಂತಿಲ್ಲ.

ಮದುವೆಯಾಗಿ ದಾಂಡೇಲಿಗೆ ಬಂದೆ. ನಮ್ಮವರು ಜೋಯಿಡಾದಾಚೆ ಕುಂಬಾರವಾಡದಲ್ಲಿ ಮಾಸ್ತರು. ಅಲ್ಲಿಯ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಅವರು ಅಲ್ಲೇ ಕೋಣೆ ಮಾಡಿಕೊಂಡು ಶನಿವಾರ ಸಂಜೆ ಮನೆಗೆ ಬರುತ್ತಾರೆ. ವಾರದ ಉಳಿದ ದಿನಗಳಲ್ಲಿ ನನ್ನ ಸಂಸಾರವೆಂದರೆ ನೀಲವ್ವ ಕಾಕು. ಮುಂಡಗೋಡದ ಕಡೆಯ ಒಕ್ಕಲುತನದ ಮನೆಯವರು, ಎದ್ದ ಕೂಡಲೇ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮಾಡದೆ ಚಹಾ ಮುಟ್ಟದವರು. ನಮ್ಮಿಬ್ಬರ ಹಿತ್ತಿಲ ನಡುವೆ ಎದೆಯೆತ್ತರದ ಗೋಡೆ. ಅದರ ಮೇಲೆ ಒಂದು ಸ್ಟೀಲಿನ ಬಟ್ಟಲು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಓಡಾಡುತ್ತಲೇ ಇರುತ್ತದೆ. ಬದನೇಕಾಯಿ ಪಲ್ಯ ಬಂದರೆ ಶೇಂಗಾ ಚಟ್ನಿ ಹೋಗಬೇಕು. ಏನೂ ಇಲ್ಲದಿದ್ದರೆ ಒಂದು ತುಂಡು ಬೆಲ್ಲವಾದರೂ ಹೋಗಬೇಕು. ಖಾಲಿ ಬಟ್ಟಲು ಹಿಂದಿರುಗಿಸುವುದೆಂದರೆ ಸಂಬಂಧ ತೊಳೆದು ಬೋರಲು ಹಾಕಿದಂತೆ.

ಜಗಳ ಆದದ್ದು ಹೀಗೆ. ಸಂಜೆ ಕಾಕುವಿನ ಕಟ್ಟೆಯ ಮೇಲೆ ಕೂತಿದ್ದೆವು. ಎದುರಿನ ಗ್ಯಾರೇಜಿನ ದಸ್ತಗೀರ ಚಾಚಾ ಕೈಗೆ ಹತ್ತಿದ ಗ್ರೀಸು ಒರೆಸುತ್ತ ನಿಂತಿದ್ದರು. ಗೋಡೆಯ ಮೇಲೆ ಆ ಮುಸ್ಯಾ. ನಮ್ಮ ಓಣಿಗೆ ವರ್ಷಗಳಿಂದ ಬರುವ ಮುದಿ ಮುಸ್ಯಾ ಅದು. ಓಣಿಯವರೆಲ್ಲ ಅದನ್ನು ಹನುಮಪ್ಪ ಎನ್ನುತ್ತಿದ್ದರು. ಕಾಕುವಿನ ಹಪ್ಪಳ ತಿನ್ನುತ್ತಿತ್ತು. ನಾನು ಸೋದರತ್ತೆಯ ಮಾತು ಹೇಳಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಓದಿದ್ದು ಒಮ್ಮೆ ಬಾಯಿಗೆ ಬಂದರೆ ಹೊಳೆಗೆ ಬಿದ್ದ ದಿಮ್ಮಿಯಂತೆ, ತಡೆಯಲಾಗುವುದಿಲ್ಲ.

“ಕಾಕು, ನಾವೂ ಅದೂ ಒಂದೇ ಅಜ್ಜಿಯ ಮೊಮ್ಮಕ್ಕಳ್ರೀ,” ಎಂದೆ.

“ತೋಬಾ ತೋಬಾ,” ಎಂದರು ಚಾಚಾ. “ಬೇಟಾ, ಆದಮ್‌ನ್ನ ಖುದಾ ಮಣ್ಣಿಂದ ಮಾಡ್ಯಾನ. ಅದರಾಗ ಬಾಲದ ಮಾತs ಇಲ್ಲ.”

“ನಮ್ಮನ್ನೂ ಶಿವ ಮಣ್ಣಿಲೆ ಮಾಡಿದ್ದು,” ಎಂದರು ಕಾಕು. ಅದೇ ಬೆಳಿಗ್ಗೆ ಗ್ಯಾರೇಜಿನ ಸದ್ದಿಗಾಗಿ ಇಬ್ಬರೂ ಕೂಗಾಡಿದ್ದರು. ನನ್ನ ಒಂದು ಮಾತಿಗೆ ಒಂದಾದರು. ಬೇರೆ ಬೇರೆ ದೇವರಿಗೆ ಕೈಮುಗಿಯುವವರನ್ನು ಕೂಡಿಸಬೇಕೆಂದರೆ ನಡುವೆ ವಿಕಾಸವಾದ ತಂದಿಡಿ, ಸಾಕು.

ಆಮೇಲೆ ಕಾಕು ನನ್ನ ಕಡೆ ತಿರುಗಿ, “ನನ್ನ ಸಾಕಿದ ಅಜ್ಜಿ ಗೌರವ್ವ. ಕೊಳ್ಳಾಗ ಲಿಂಗ ಕಟಗೊಂಡಾಕಿ. ಆಕಿಗೆ ಬಾಲ ಇರಲಿಲ್ಲ,” ಎಂದರು.

ಆಗ ನಾನು ನಕ್ಕೆನಂತೆ. ನನ್ನ ನೆನಪಿನಲ್ಲಿರುವುದು ಕೆಮ್ಮು. ಆದರೆ ಕಾಕುವಿನ ಪಾಲಿಗೆ ಅದು ನಗುವೇ. ಹೆತ್ತ ತಾಯಿಯ ಮುಖ ನೋಡದೆ ಗೌರವ್ವನ ಮಡಿಲಲ್ಲಿ ಬೆಳೆದವರಿಗೆ ಅದು ಹಾಗೆ ಕೇಳಿಸಿದ್ದರೆ, ಅದು ನಗುವೇ ಇದ್ದೀತು. ಮರುದಿನ ಗೋಡೆಯ ಮೇಲೆ ನನ್ನ ಬಟ್ಟಲು ಬಂದು ಕೂತಿತು. ತೊಳೆದದ್ದು, ಫಳಫಳ ಹೊಳೆಯುವುದು, ಖಾಲಿ.

ಆ ಮೌನದ ದಿನಗಳಲ್ಲಿ ನನ್ನನ್ನು ನಾನೇ ಬಹಳ ವಿಚಾರಿಸಿಕೊಂಡೆ. ನಾನೇನು ಒಂದು ಜೀವ ಇನ್ನೊಂದಾಗುವುದನ್ನು ಕಣ್ಣಾರೆ ಕಂಡವಳೇ? ಗುರುಗಳು ಹೇಳಿದರು, ಪುಸ್ತಕದಲ್ಲಿತ್ತು, ಬುಡವಿದೆ ಎನಿಸಿತು, ನಂಬಿದೆ. ಕಾಕುವಿಗೆ ಗೌರವ್ವ ಹೇಳಿದಳು, ಬುಡವಿದೆ ಎನಿಸಿತು, ನಂಬಿದರು. ವ್ಯತ್ಯಾಸ ಇಲ್ಲವೆಂದಲ್ಲ. ನನ್ನ ಪುಸ್ತಕವನ್ನು ಅಗೆದು, ಅಳೆದು, ತಪ್ಪಾದರೆ ತಿದ್ದುತ್ತಾರೆ. ಎಲುಬುಗಳು ಸಾಕ್ಷಿ ಹೇಳುತ್ತವೆ. ನಮ್ಮ ಬೆನ್ನಿನ ತುದಿಯಲ್ಲೇ ಬಾಲದ ಮೋಟು ಕೂತಿದೆ. ಮೈಮೇಲಿನ ರೋಮ ನಿಮಿರುವುದು, ಮೈತುಂಬ ತುಪ್ಪಳವಿದ್ದ ಕಾಲದ ಚಾಳಿ. ಕಾಕುವಿಗೆ ಭಜನೆ ಕೇಳುವಾಗ ರೋಮ ನಿಂತರೆ ಶಿವ ಬಂದ ಎನ್ನುತ್ತಾರೆ. ನನಗೆ ಆ ತುಪ್ಪಳದ ಕತೆ ನೆನಪಾದಾಗಲೇ ರೋಮ ನಿಲ್ಲುತ್ತದೆ. ಕೋಟಿಗಟ್ಟಲೆ ವರ್ಷಗಳ ಹಿಂದಿನ ಒಂದು ಚಳಿ ನನ್ನ ತೋಳಿನ ಮೇಲೆ ಇನ್ನೂ ಎದ್ದು ನಿಲ್ಲುತ್ತದಲ್ಲ! ಇಂಥದ್ದನ್ನು ಹೇಳಿಕೊಳ್ಳಲು ಒಬ್ಬರು ಬೇಕು. ಇದ್ದ ಒಬ್ಬರು ಗೋಡೆಯಾಚೆ ಮುಖ ತಿರುಗಿಸಿದ್ದರು. ಗೆಲ್ಲಬೇಕೆಂಬ ಆಸೆ ಆಗಲೇ ಹೋಗಿತ್ತು. ಬಟ್ಟಲು ತುಂಬಿ ಬಂದರೆ ಸಾಕಿತ್ತು.

ಮೊನ್ನೆ ಬೆಳಿಗ್ಗೆ ಹನುಮಪ್ಪ ಹುಣಸೆಮರದ ಬುಡದಲ್ಲಿ ಸತ್ತು ಬಿದ್ದಿತ್ತು. ಗಾಯವಿಲ್ಲ, ನೊರೆಯಿಲ್ಲ. ಅರಣ್ಯದವರಿಗೆ ಫೋನು ಹೋಯಿತು. ಒಬ್ಬರು ಬಂದು ನೋಡಿ, ಮುಪ್ಪಿನ ಸಾವು ಎಂದು ಹೇಳಿ, ಮಣ್ಣು ಮಾಡಲು ಒಪ್ಪಿ, ತಾವೂ ಟೋಪಿ ತೆಗೆದು ನಿಂತರು. ನಮ್ಮ ಕಡೆ ಮುಸ್ಯಾ ಸತ್ತರೆ ಸುಮ್ಮನೆ ಎಳೆದು ಹಾಕುವುದಿಲ್ಲ, ಮನುಷ್ಯರಿಗೆ ಮಾಡಿದ್ದನ್ನೆಲ್ಲ ಮಾಡುತ್ತಾರೆ. ಭಜನೆಯವರು ತಾಳ ತಂದರು. ಸತ್ತವರನ್ನು ಕೂರಿಸಿ ಹೂ ಹಾಕುವುದು ರೂಢಿ. ಚಾಚಾ ಗ್ಯಾರೇಜಿನ ಪ್ಲಾಸ್ಟಿಕ್ ಕುರ್ಚಿ ತೊಳೆದು ತಂದಿಟ್ಟರು.

ಅರಿಶಿನದ ನೀರು ಹಾಕಿ ಮೈ ತೊಳೆಯುತ್ತಿದ್ದ ಹೆಂಗಸರು ಥಟ್ಟನೆ ಕೈ ನಿಲ್ಲಿಸಿದರು.

“ಯವ್ವಾ, ಹೆಣ್ಣೈತಿ!”

ಇಷ್ಟು ವರ್ಷ ಹನುಮಪ್ಪ, ಹನುಮಪ್ಪ ಎಂದು ಬಾಳೆಹಣ್ಣು ಕೊಟ್ಟದ್ದು ಒಬ್ಬ ಹೆಂಗಸಿಗೆ. ನೀವು ಭಕ್ತರನ್ನು ನೋಡಿ ನಗುವ ಮೊದಲು ಹೇಳಿಬಿಡುತ್ತೇನೆ: ಪ್ರಾಣಿಶಾಸ್ತ್ರ ಓದಿದ ನಾನೂ ಗಮನಿಸಿರಲಿಲ್ಲ. ಅದರ ಕೈ ನೋಡಿದ್ದೆ, ಕಣ್ಣು ನೋಡಿದ್ದೆ, ಸೋದರತ್ತೆಯನ್ನು ನೆನೆದಿದ್ದೆ. ಅಷ್ಟು ಸುಳುಹು ಸಿಕ್ಕರೂ ಹೆಣ್ಣೆಂದು ಹೊಳೆದಿರಲಿಲ್ಲ!

ಮುಂದಿನದು ಇಷ್ಟು ಬೇಗ ನಡೆಯಿತೆಂದರೆ ನನಗೆ ಉಸಿರು ತಿರುಗಿಸಿಕೊಳ್ಳಲೂ ಬಿಡುವಾಗಲಿಲ್ಲ. ಚಾಚಾ ಗೌರವದಿಂದ ಮುಖ ಆಚೆ ಮಾಡಿ, “ಮೊದಲ ಏನರ ಹೊಚ್ಚರಿ ಅವರಿಗೆ,” ಎಂದರು. ‘ಅದು’ ಹೋಗಿ ‘ಅವರು’ ಆಯಿತು. ಕಾಕು ಒಳಗೆ ಓಡಿ ತಮ್ಮ ಹಸಿರು ಸೀರೆ ತಂದರು. ಯಾರೋ ಕುಂಕುಮದ ಭರಣಿ ಹಿಡಿದು, “ಹಚ್ಚೂಣೋ ಬ್ಯಾಡೋ? ಗಂಡ ಅದಾನೋ ಇಲ್ಲೋ?” ಎಂದು ಕೇಳಿದರು. ಎಲ್ಲರೂ ತಲೆಯೆತ್ತಿದೆವು. ನೀರಿನ ಟಾಕಿಯ ಮೇಲೆ ಒಂದು ದೊಡ್ಡ ಗಂಡು ಮುಸ್ಯಾ ಬಾಲ ಇಳಿಬಿಟ್ಟು ಕೂತಿತ್ತು.

“ಅಲ್ಲಿ ಕುಂತಾನ ನೋಡ್ರಿ. ಮುತ್ತೈದಿ ಇದ್ದಾಳ,” ಎಂದು ಕಾಕು ತೀರ್ಪು ಕೊಟ್ಟರು. ಕುಂಕುಮ ಬಂತು, ಹಸಿರು ಬಳೆ ಬಂದವು.

ಇನ್ನು ಅಳುವುದು. ಊರ ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ. ಹಾಡಿಕೊಂಡು ಅಳುತ್ತಾರೆ, ಸತ್ತವರನ್ನು ಸಂಬಂಧ ಹಿಡಿದು ಕರೆಯುತ್ತ. ಯಪ್ಪಾ, ಯಣ್ಣಾ, ನನ್ನ ಅತ್ತೀ. ಸಂಬಂಧವಿಲ್ಲದೆ ರಾಗ ಏಳುವುದಿಲ್ಲ. ಇಡೀ ಓಣಿಯಲ್ಲಿ ಹಾಡಿ ಅಳುವುದಕ್ಕೆ ಕಾಕುವೇ ಮುಂದು. ಅವರು ಕುರ್ಚಿಯ ಮುಂದೆ ಕೂತು, ಸೆರಗು ಬಾಯಿಗೆ ಹಿಡಿದು, “ಯಪ್ಪಾ ನನ್ನ ಹನುಮ...” ಎಂದವರು ಅಲ್ಲೇ ನಿಂತರು. ಇನ್ನೊಮ್ಮೆ ಬಾಯಿ ತೆರೆದರು. ಆಗಲಿಲ್ಲ. ಕಣ್ಣಲ್ಲಿ ನೀರಿತ್ತು, ಕರೆಯಲು ಹೆಸರಿರಲಿಲ್ಲ.

ಆಗ ತಿರುಗಿದರು, ನನ್ನ ಕಡೆಗೆ.

“ನೀನs ಹೇಳ ಸರೋಜಾ. ಓದಿದಾಕಿ. ಈಕಿ ನಮಗ ಏನಾಗಬೇಕು?”

ಯಾವ ಪರೀಕ್ಷೆಯಲ್ಲೂ ನನಗೆ ಇಷ್ಟು ಕಠಿಣ ಪ್ರಶ್ನೆ ಬಂದಿರಲಿಲ್ಲ. ಇಡೀ ಓಣಿ ನನ್ನ ಬಾಯಿ ನೋಡುತ್ತಿತ್ತು. ನನಗೆ ಕಾಣುತ್ತಿದ್ದದ್ದು ಕಾಕುವಿನ ಮುಖ ಮಾತ್ರ. ನಾನು ತುಸು ಬೀಗಿದರೂ ಆ ಬಾಗಿಲು ಇನ್ನು ತೆರೆಯುವುದಿಲ್ಲ. ಸುಳ್ಳು ಹೇಳಿದರೂ ಕೆಲಸವಿಲ್ಲ, ಅವರು ಕೇಳಿದ್ದು ಖರೆ ಖರೆ. ಲೆಕ್ಕ ಹಾಕಿದೆ. ಅಜ್ಜಿ ಅಲ್ಲ. ಮನುಷ್ಯ ಈಗಿನ ಮುಸ್ಯಾನಿಂದ ಹುಟ್ಟಿದವನಲ್ಲ, ಜನ ಎಡವುವುದೇ ಅಲ್ಲಿ. ಬಹಳ ಬಹಳ ಹಿಂದೆ ಇಬ್ಬರಿಗೂ ಒಬ್ಬಳು ಮೂಲದಜ್ಜಿ. ಅವಳ ಒಬ್ಬ ಮಗಳ ಕವಲು ಗಿಡದಲ್ಲೇ ಉಳಿಯಿತು, ಇನ್ನೊಬ್ಬಳದು ನೆಲಕ್ಕಿಳಿಯಿತು. ಅಕ್ಕತಂಗಿಯರ ಮಕ್ಕಳು. ನಮ್ಮಲ್ಲಿ ದೊಡ್ಡವ್ವನ ಮಗಳನ್ನು ಏನೆನ್ನುತ್ತೇವೆ?

“ಅಕ್ಕ ಆಗಬೇಕ್ರೀ ಕಾಕು,” ಎಂದೆ. “ದೊಡ್ಡವ್ವನ ಮಗಳು. ಆದ್ರ ದೂರದಾಕಿ. ಭಾಳ ದೂರದಾಕಿ.”

ಕಾಕು ಕುರ್ಚಿಯ ಕಡೆ ತಿರುಗಿದರು.

“ದೂರದಾಕಿ ಆದ್ರ ಏನಾತು? ದಿನಾ ಬರತಿದ್ಲಲ್ಲ,” ಎಂದರು. ಮರುಕ್ಷಣ ರಾಗ ಎದ್ದಿತು.

“ಯಕ್ಕಾ... ನನ್ನ ದೊಡ್ಡವ್ವನ ಮಗಳs... ಹೇಳದಂಗ ಬರಾಕೀ... ಹೇಳದಂಗ ಹೋದೆಲ್ಲs... ಹಪ್ಪಳ ಹಾಕಿದ್ರ ಇನ್ನ ಯಾರ ಉಪ್ಪ ನೋಡತಾರs...”

ಹಿಂದಿನಿಂದ ಒಬ್ಬಳು ಯಕ್ಕಾ ಎಂದಳು. ಇನ್ನೊಬ್ಬಳು. ಆಮೇಲೆ ಎಲ್ಲರೂ. ನನ್ನ ಗುರುಗಳು ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬಿಡಿಸುತ್ತಿದ್ದ ಕವಲುಗಳನ್ನು ದಾಂಡೇಲಿಯ ಒಂದು ಓಣಿ ರಾಗವಾಗಿ ಅಳುತ್ತಿತ್ತು! ತೋಳಿನ ಮೇಲೆ ರೋಮ ಸೆಟೆದು ನಿಂತವು. ಅದು ಶಿವನೋ ತುಪ್ಪಳವೋ, ಆಗ ವಿಚಾರಿಸಲಿಲ್ಲ. ಎಲ್ಲರೂ ಅತ್ತರೆಂದು ಬರೆದೆ. ನಾಲ್ಕೈದು ಜನ ಇರಬಹುದು. ಅವರಲ್ಲಿ ನಾನೂ ಒಬ್ಬಳು, ಇದಂತೂ ಖಂಡಿತ. ಇವತ್ತಿಗೂ ಗಂಟಲು ಕೂತಿದೆ.

ಕೋಗಿಲಬನದ ದಾರಿಯಲ್ಲಿ, ಕಾಳಿ ಹೊಳೆಯ ದಂಡೆಗೆ, ಚಾಚಾನ ಟಂಟಂ ಗಾಡಿಯಲ್ಲಿ ಒಯ್ದೆವು. ಗುಣಿಗೆ ಹಿಡಿ ಹಿಡಿ ಮಣ್ಣು ಹಾಕುವಾಗ ಚಾಚಾ ನನ್ನ ಪಕ್ಕದಲ್ಲಿದ್ದರು. “ಬೇಟಾ, ಈಗ ಹೇಳು, ಮಣ್ಣಿಂದ ಬಂದದ್ದು ಖರೆ ಹೌದಿಲ್ಲೋ?” ಎಂದು ಮೆಲ್ಲಗೆ ಕೆಣಕಿದರು. ನೆಲದ ನೀರು, ಕೆಸರು, ಉಪ್ಪು ಎಂದು ನಾನು ಏನೋ ಶುರುಮಾಡಬೇಕೆಂದೆ. ಕೈಯಲ್ಲಿ ಮಣ್ಣಿತ್ತು. ಅದನ್ನು ಹಾಕಿದೆ.

ಇವತ್ತು ಮೂರನೇ ದಿನ, ಹಾಲು ತುಪ್ಪ. ಕಾಕುವಿನ ಹಿಂದೆ ನಾನೂ ಹೋಗಿದ್ದೆ. ಗುಣಿಯ ಮೇಲೆ ಹಾಲೆರೆದು, ಬಾಳೆಹಣ್ಣು ಇಟ್ಟು ನಾವು ಹಿಂದೆ ಸರಿದದ್ದೇ ತಡ, ಗಿಡದಿಂದ ಮುಸ್ಯಾಗಳು ಇಳಿದು ಎಡೆ ಮುಗಿಸಿದವು. ಕಾಕುವಿಗೆ ಸಮಾಧಾನ. ದಾರಿಯಲ್ಲಿ ಬರುತ್ತ, ಇದ್ದಕ್ಕಿದ್ದಂತೆ ನಿಂತು ಅಂದರು:

“ನಿನ್ನ ಪುಸ್ತಕದ ಮಾತು ನಾ ಒಪ್ಪಿಲ್ಲ ಮತ್ತ.”

“ಇರಲಿ ಬಿಡ್ರಿ ಕಾಕು.”

“ಅಳಾಕ ಒಂದು ಸಂಬಂಧ ಬೇಕಿತ್ತು. ಅಷ್ಟ.”

ಲೋಕದಲ್ಲಿ ಎಷ್ಟು ಜನ ವಿಕಾಸವಾದ ಒಪ್ಪುತ್ತಾರೆ, ಎಷ್ಟು ಜನ ದೇವರೇ ಮಾಡಿದ ಎನ್ನುತ್ತಾರೆ ಎಂದು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಹೌದು, ಇಲ್ಲ, ಗೊತ್ತಿಲ್ಲ ಎಂದು ಮೂರು ಮನೆ ಮಾಡಿ ಜನರನ್ನು ಕೂರಿಸುತ್ತಾರೆ. ನೀಲವ್ವ ಕಾಕುವನ್ನು ಎಲ್ಲಿ ಕೂರಿಸುತ್ತಾರೋ ನೋಡಬೇಕು. ಕೇಳಿದರೆ ಇಲ್ಲ ಎನ್ನುತ್ತಾರೆ, ಹಸಿರು ಸೀರೆ ಮಾತ್ರ ಕೊಟ್ಟುಬಿಟ್ಟಿದ್ದಾರೆ. ನಾನು ಹೌದು ಎನ್ನುತ್ತೇನೆ, ಆದರೆ ಇಷ್ಟು ವರ್ಷ ಓದಿದರೂ ಮೊನ್ನೆಯವರೆಗೆ ಯಾವ ಮುಸ್ಯಾನನ್ನೂ ಅಕ್ಕಾ ಎಂದು ಕರೆದವಳಲ್ಲ. ಇದರ ಬಗ್ಗೆ ಇನ್ನೂ ಸ್ವಲ್ಪ ಆಳವಾಗಿ...

ಬರೆಯುವುದು ಇಲ್ಲಿಗೆ ನಿಂತಿತ್ತು. ಗೋಡೆಯಾಚೆಯಿಂದ “ಸರೋಜಾ” ಎಂದು ಕೂಗು ಬಂತು. ಪೆನ್ನು ಬಿಟ್ಟು ಓಡಿದೆ. ಗೋಡೆಯ ಮೇಲೆ ಕಾಕುವಿನ ಬಟ್ಟಲು, ಅದರ ತುಂಬ ಉದ್ದಿನ ಹಪ್ಪಳದ ಹಿಟ್ಟು, ಮೇಲೆ ಎಣ್ಣೆ ಮಿಂಚುತ್ತಿತ್ತು.

“ಉಪ್ಪ ಹದಾ ಐತೇನು ನೋಡ,” ಎಂದರು.

ಚಿಟಿಕೆ ಹಿಟ್ಟು ತೆಗೆದೆ. ಮೂಗಿನ ಹತ್ತಿರ ಹಿಡಿದೆ. ತುದಿಯನ್ನಷ್ಟೇ ಕಚ್ಚಿ, ನಾಲಿಗೆಯ ಮೇಲೆ ಹೊರಳಿಸುತ್ತ, ಕಾಡಿನತ್ತ ನೋಡಿದೆ. ಹದವಾಗಿತ್ತು. ಹೇಳಲೆಂದು ತಿರುಗಿದರೆ ಕಾಕು ಗೋಡೆಗೆ ಗಲ್ಲವಿಟ್ಟು ನನ್ನನ್ನೇ ನೋಡುತ್ತಿದ್ದರು.

“ಥೇಟ್ ಅಕ್ಕನಂಗ ತಿಂತಿ ನೋಡ,” ಎಂದರು.