ಕಂಚಿನ ತಟ್ಟೆಯ ಚಕ್ರವ್ಯೂಹ

ಮದರಾಸಿನಲ್ಲಿ ಆಗ ಮನೆಯಲ್ಲೇ ಹೆರಿಗೆ ಹೆಚ್ಚು. ನಾನು ಓದಿ ಪಾಸಾದ ಮಿಡ್‌ವೈಫ್. ಶಾಸ್ತ್ರಗೀಸ್ತ್ರ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ತಿರುವಲ್ಲಿಕೇಣಿಯ ಮಾಧ್ವರ ಮನೆಯೊಂದರಲ್ಲಿ ಚೊಚ್ಚಲ ಬಸುರಿ ನೋವಿನ ನಡುವೆ ನಿದ್ದೆಗೆ ಜಾರುತ್ತಿದ್ದಳು. ಕೂಗಿ ಎಬ್ಬಿಸಿ ನನಗೆ ಸಾಕಾಗಿತ್ತು. ಅವಳ ಅತ್ತೆ ಕಂಚಿನ ತಟ್ಟೆಯಲ್ಲಿ ಕುಂಕುಮದಿಂದ ಚಕ್ರವ್ಯೂಹ ಬರೆದು ತಂದು, "ಬೆರಳಲ್ಲಿ ದಾರಿ ಹುಡುಕಮ್ಮ" ಎಂದರು.

"ಮಾಮಿ, ಅಭಿಮನ್ಯುವಿಗೆ ಹೊರಗೆ ಬರೋ ದಾರೀನೇ ಗೊತ್ತಿರಲಿಲ್ಲ. ಹೆರಿಗೆಗೆ ಇದು ಬೇಕಾ?" ಎಂದೆ.

"ಯಾಕೆ ಗೊತ್ತಿರಲಿಲ್ಲ? ಅವನು ಹೊಟ್ಟೇಲಿದ್ದಾಗ ಅವನಮ್ಮ ಕೇಳ್ತಾ ಕೇಳ್ತಾ ನಿದ್ದೆ ಹೋದಳು. ಇವಳು ಹೋಗಬಾರದು, ಅದಕ್ಕೇ ಈ ತಟ್ಟೆ."

ಹುಡುಗಿ ಕಣ್ಣು ಬಿಟ್ಟುಕೊಂಡು ಕೊನೆತನಕ ದಾರಿ ಹುಡುಕಿದಳು. ಮಗು ಸುಖವಾಗಿ ಹೊರಗೆ ಬಂತು.

ಅಲ್ಲಿಂದ ಮುಂದೆ ನನ್ನ ಚೀಲದಲ್ಲಿ ಕತ್ತರಿ, ಹತ್ತಿಯ ಜೊತೆ ಒಂದು ಕಂಚಿನ ತಟ್ಟೆಯೂ ಇರುತ್ತಿತ್ತು. ನನ್ನ ಮೇಲಿನ ಡಾಕ್ಟರಮ್ಮ ಕೇಳಿದರೆ ಊಟಕ್ಕೆ ಅಂತಿದ್ದೆ.